ಬೆಟ್ಟಕ್ಕೆ ಮೊದಲು ಬಸ್ಸು ಬಿಡಿ, ವೈನ್ ಆಮೇಲೆ ಕುಡಿಸಿ

ಶನಿವಾರ ಭಾನುವಾರ ಬಂತೆಂದರೆ ನಂದಿ ಬೆಟ್ಟದ ಸುತ್ತಿನ ಊರುಗಳವರಿಗೆ ರಸ್ತೆಗೆ ಇಳಿಯುವುದೇ ಒಂದು ಯೋಚನೆ. ಬೆಳಗಿನ ಜಾವ ನಾಲ್ಕು ಗಂಟೆಗೇ ಬೆಂಗಳೂರಿನ ಕಾರು, ಬೈಕುಗಳ ಸಾಲು ಶುರು. ಎಲ್ಲರಿಗೂ ಒಂದೇ ಆತುರ: ಸೂರ್ಯ ಹುಟ್ಟುವ ಮುಂಚೆ ಮೇಲಿರಬೇಕು. ಗೇಟು ತೆಗೆಯುವ ಹೊತ್ತಿಗೆ ಬಾಲ ಕೆಳಗಿನ ಕ್ರಾಸ್ ದಾಟಿರುತ್ತದೆ. ಹಾಲಿನ ಕ್ಯಾನ್ ಹೊತ್ತವನು, ಸೊಪ್ಪು ಮಾರುಕಟ್ಟೆಗೆ ಹೊರಟವನು, ಶಿಡ್ಲಘಟ್ಟಕ್ಕೆ ಗೂಡು ಒಯ್ಯುವವನು, ಕೊನೆಗೆ ದಿನವೂ ಬಸ್ಸಿನಲ್ಲಿ ಓಡಾಡುವ ಬಡಪಾಯಿ, ಇವರೆಲ್ಲ ಆ ಬಾಲದ ಹಿಂದೆ ಕಾಯಬೇಕು. ಸೂರ್ಯ ಮಾತ್ರ ಯಾರಿಗೂ ಕಾಯದೆ ತನ್ನ ಪಾಡಿಗೆ ಹುಟ್ಟಿಬಿಡುತ್ತಾನೆ. ಅರ್ಧಕ್ಕರ್ಧ ಮಂದಿ ಅವನನ್ನು ನೋಡುವುದು ಮುಂದಿನ ಕಾರಿನ ಗಾಜಿನಲ್ಲಿ.

ಇದರ ಮೇಲೆ ಈಗ ಇನ್ನೊಂದು ಸಡಗರ ಸೇರಿಕೊಂಡಿದೆ. ಬೆಳಿಗ್ಗೆ ಬೆಟ್ಟ ನೋಡು, ಮಧ್ಯಾಹ್ನ ದ್ರಾಕ್ಷಿ ತೋಟ ಸುತ್ತು, ನಾಲ್ಕಾರು ಬಗೆ ವೈನ್ ರುಚಿ ನೋಡು, ಊಟ ಮಾಡು, ಸಂಜೆಗೆ ಬೆಂಗಳೂರು ಸೇರು. ಇದಕ್ಕೆ ವೈನ್ ಪ್ರವಾಸ ಎಂದು ಹೆಸರು. ಬೇಡ ಅನ್ನುವುದು ನಮ್ಮ ಉದ್ದೇಶವಲ್ಲ. ಊರಿಗೆ ನಾಲ್ಕು ಜನ ಬಂದರೆ ನಾಲ್ಕು ಕಾಸು ಹುಟ್ಟುತ್ತದೆ ಎಂಬುದು ಅಂಗಡಿ ಇಟ್ಟವರಿಗೆಲ್ಲ ಗೊತ್ತು. ನಮ್ಮ ಪ್ರಶ್ನೆ ಇಷ್ಟೆ. ಬೆಳಿಗ್ಗೆ ಬೆಟ್ಟದ ರಸ್ತೆಯನ್ನು ಕಟ್ಟಿಹಾಕಿದ ಅದೇ ಕಾರು ಮಧ್ಯಾಹ್ನ ತೋಟಕ್ಕೆ ಹೋಗಿ, ಅದೇ ಮನುಷ್ಯ ನಾಲ್ಕು ಲೋಟ ರುಚಿ ನೋಡಿ, ಅದೇ ಸ್ಟೇರಿಂಗ್ ಹಿಡಿದು ನಮ್ಮ ಊರುಗಳ ನಡುವೆ ವಾಪಸ್ಸು ಹೋಗಬೇಕೆ? ಇವರಿಗೆಲ್ಲ ಒಂದು ಬಸ್ಸು ಬಿಡುವ ಬುದ್ಧಿ ಯಾರಿಗೂ ಬರಲಿಲ್ಲವೆ?

ವೈನ್ ಅಂದರೆ ಯಾವುದು

ನಮ್ಮ ಕಡೆ ವೈನ್ ಎಂಬ ಪದದ ಕಥೆಯೇ ಬೇರೆ. ಯಾವುದೇ ತಾಲೂಕು ಕೇಂದ್ರಕ್ಕೆ ಹೋಗಿ, ‘ವೈನ್ಸ್’ ಎಂದು ದೊಡ್ಡ ಅಕ್ಷರದ ಬೋರ್ಡು ಕಾಣುತ್ತದೆ. ಒಳಗೆ ಬ್ರಾಂದಿ, ವಿಸ್ಕಿ, ರಮ್, ಬಿಯರ್ ಎಲ್ಲ ಇರುತ್ತದೆ. ವೈನ್ ಕೇಳಿದರೆ ಅಂಗಡಿಯವನೇ ಒಂದು ಕ್ಷಣ ಯೋಚಿಸಿ, ಮೇಲಿನ ಅಟ್ಟದಿಂದ ಧೂಳು ಹಿಡಿದ ಒಂದು ಸೀಸೆ ತೆಗೆಯುತ್ತಾನೆ. ಆದ್ದರಿಂದ ನಂದಿಯ ತಪ್ಪಲಲ್ಲಿ ತಯಾರಾಗುವ ವೈನ್ ಹೊರದೇಶದ ಮೇಜಿನ ಮೇಲೂ ಕೂರುತ್ತದೆ ಎಂದರೆ ನಮ್ಮವರಿಗೇ ನಂಬಿಕೆ ಬರುವುದಿಲ್ಲ.

ಆದರೆ ಅದು ನಿಜ. ದೊಡ್ಡಬಳ್ಳಾಪುರ ತಾಲೂಕಿನ ರಘುನಾಥಪುರದ ಬಳಿ, ಬೆಟ್ಟ ಕಣ್ಣಿಗೆ ಕಾಣುವ ಜಾಗದಲ್ಲಿ, ಕನ್ವಲ್ ಗ್ರೋವರ್ ಎಂಬುವರು ಫ್ರಾನ್ಸಿನ ತಳಿಗಳ ದ್ರಾಕ್ಷಿ ಬೆಳೆಸಲು ಹೊರಟು 1988ರಲ್ಲಿ ಕಂಪನಿ ಕಟ್ಟಿದರು. ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಎಂಬ ತಜ್ಞ ಜೊತೆಗಿದ್ದರು. 1992ರಲ್ಲಿ ಮೊದಲ ವೈನ್ ಹೊರಬಂತು. ಆಮೇಲೆ ಮಿಷೆಲ್ ರೋಲಾನ್ ಎಂಬ ಇನ್ನೊಬ್ಬ ಫ್ರೆಂಚ್ ಪಂಡಿತ ಸಲಹೆಗಾರರಾಗಿ ಬಂದರು. 2012ರಲ್ಲಿ ಆ ಕಂಪನಿ ನಾಸಿಕದ ಇನ್ನೊಂದು ಕಂಪನಿಯ ಜೊತೆ ಸೇರಿ ಗ್ರೋವರ್ ಜಂಪಾ ಆಯಿತು. ಕ್ಯಾಬರ್ನೆ ಸೋವಿನ್ಯೋ, ಶಿರಾಜ್, ಸೋವಿನ್ಯೋ ಬ್ಲಾಂಕ್ ಅಂತ ನಾಲಗೆ ಹೊರಳದ ಹೆಸರಿನ ಬಳ್ಳಿಗಳು ನಮ್ಮ ಕೆಂಪು ಮಣ್ಣಿನಲ್ಲಿ ಬೇರು ಬಿಟ್ಟವು. ಹಗಲು ಬಿಸಿಲು, ರಾತ್ರಿ ತಂಪು, ಸಮುದ್ರಮಟ್ಟಕ್ಕಿಂತ ಎತ್ತರದ ನೆಲ. ವೈನ್ ದ್ರಾಕ್ಷಿಗೆ ಇಷ್ಟು ಸಾಕು ಎಂದು ತಿಳಿದವರು ಹೇಳುತ್ತಾರೆ.

ಸರ್ಕಾರಕ್ಕೆ ಇದು ತಲೆಗೆ ಹೊಳೆದದ್ದು 2007ರಲ್ಲಿ. ಅದೇ ವರ್ಷ ಕೋಲಾರದಿಂದ ಒಡೆದು ಚಿಕ್ಕಬಳ್ಳಾಪುರ ಜಿಲ್ಲೆ ಆಯಿತು, ಅದೇ ವರ್ಷ ರಾಜ್ಯದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯೂ ಬಂತು. ಜಿಲ್ಲೆಯೂ ನೀತಿಯೂ ಒಂದೇ ವಯಸ್ಸಿನ ಮಕ್ಕಳು. ಜಿಲ್ಲೆಯಂತೂ ಬಿದ್ದು ಎದ್ದು ನಡೆಯುತ್ತಿದೆ. ನೀತಿಯ ವಿಚಾರ ಮುಂದೆ ನೋಡೋಣ.

ನೀಲಿ ದ್ರಾಕ್ಷಿಯ ಗೋಳು

ಬೆಂಗಳೂರಿನಿಂದ ಬಂದವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಅವರ ಲೋಟದಲ್ಲಿರುವ ದ್ರಾಕ್ಷಿಗೂ ನಮ್ಮ ರೈತನ ಚಪ್ಪರದಲ್ಲಿ ತೂಗುವ ದ್ರಾಕ್ಷಿಗೂ ಸಾಮಾನ್ಯವಾಗಿ ಸಂಬಂಧವೇ ಇಲ್ಲ. ನಮ್ಮದು ಬೆಂಗಳೂರು ಬ್ಲೂ. ಕಪ್ಪು ನೀಲಿ ಬಣ್ಣ, ದಪ್ಪ ಸಿಪ್ಪೆ, ಒಳಗೆ ಬೀಜ, ಬಾಯಿಗಿಟ್ಟರೆ ಹುಳಿ ಸಿಹಿ ಎರಡೂ, ಒಂದು ಮನೆಯಲ್ಲಿ ಬುಟ್ಟಿ ಇಟ್ಟರೆ ಪಕ್ಕದ ಮನೆಗೆ ವಾಸನೆ. ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರ ಸೀಮೆಯಲ್ಲಿ ಸುಮಾರು ನೂರೈವತ್ತು ವರ್ಷದಿಂದ ಬೆಳೆಯುತ್ತಿರುವ ಹಣ್ಣು. 2013ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿತು. ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆಗೆ ಇರುವಂಥದೇ ಪಟ್ಟ. ವರ್ಷಕ್ಕೆ ಎರಡು ಫಸಲು ಕೊಡುವ ಧಾರಾಳಿ ಬಳ್ಳಿ. ಜ್ಯೂಸಿಗೆ, ಜಾಮಿಗೆ, ಪೋರ್ಟ್ ಎಂದು ಕರೆಯುವ ಸಿಹಿ ವೈನಿಗೆ ಇದು ಹೋಗುತ್ತದೆ. ನಾಜೂಕಿನ ವೈನ್ ಮಾಡುವವರು ಮಾತ್ರ ಇದನ್ನು ಹತ್ತಿರ ಸೇರಿಸುವುದಿಲ್ಲ, ವಾಸನೆ ಒರಟು ಅಂತ.

ಪಟ್ಟ ಸಿಕ್ಕಿದ ಮಾತ್ರಕ್ಕೆ ಬೆಲೆ ಸಿಕ್ಕಿತೆ? 2020ರ ಲಾಕ್‌ಡೌನ್‌ನಲ್ಲಿ ಜಿಲ್ಲೆಯ ದ್ರಾಕ್ಷಿ ಕೇಳುವವರಿಲ್ಲದೆ ಚಪ್ಪರದಲ್ಲೇ ಕೊಳೆಯಿತು. ಕೆಲವರು ಕಿತ್ತು ತಿಪ್ಪೆಗೆ ಸುರಿದರು. ಅದೊಂದು ಕೆಟ್ಟ ಕಾಲ ಅನ್ನೋಣ. ಒಳ್ಳೆಯ ಕಾಲದಲ್ಲಾದರೂ ಏನು? ಹಣ್ಣು ಬಣ್ಣ ಕಟ್ಟುವ ಮುಂಚೆಯೇ ದಲ್ಲಾಳಿ ಬಂದು ತೋಟದಲ್ಲೇ ಮಾತು ಮುಗಿಸುತ್ತಾನೆ. ಮಳೆ ಬಂದು ಹಣ್ಣು ಒಡೆದರೆ ಆ ಮಾತೂ ತಪ್ಪುತ್ತದೆ. ಸಾವಿರ ಅಡಿ ದಾಟಿದ ಬೋರ್‌ವೆಲ್ಲಿನ ಸಾಲ, ಕಲ್ಲು ಕಂಬದ ಸಾಲ, ತಂತಿಯ ಸಾಲ, ಔಷಧಿ ಅಂಗಡಿಯ ಸಾಲ. ಚಪ್ಪರ ನಿಂತಿರುವುದು ಕಂಬದ ಮೇಲಲ್ಲ, ಸಾಲದ ಮೇಲೆ. ಅಷ್ಟರಲ್ಲಿ ವಿಮಾನ ನಿಲ್ದಾಣದ ಕಡೆಯಿಂದ ಲೇಔಟ್‌ನವನು ಬಂದು ಎಕರೆಗೆ ಇಷ್ಟು ಎಂದು ಬೆರಳು ತೋರಿಸುತ್ತಾನೆ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ಇಳಿಯಲು ಶುರುವಾದ ಮೇಲೆ ಎಷ್ಟು ಚಪ್ಪರಗಳು ಸೈಟುಗಳಾದವು ಎಂಬುದನ್ನು ನಮ್ಮ ಬಸ್ಸಿನ ಕಿಟಕಿಯಿಂದಲೇ ನೋಡಬಹುದು. ಚನ್ನರಾಯಪಟ್ಟಣ ಹೋಬಳಿಯ ರೈತರು ವರ್ಷಗಟ್ಟಲೆ ಕೂತು ಹಟ ಹಿಡಿದದ್ದಕ್ಕೆ 2025ರ ಜುಲೈನಲ್ಲಿ ಸರ್ಕಾರ 1,777 ಎಕರೆಯ ಸ್ವಾಧೀನ ಕೈಬಿಟ್ಟಿತು. ಎಲ್ಲ ಊರಿಗೂ ಅಷ್ಟು ಹಟ ಇರುವುದಿಲ್ಲ.

ಈಗ ಹೇಳಿ. ಬೆಂಗಳೂರಿನಿಂದ ಗಾಜು ಏರಿಸಿಕೊಂಡು ಬರುವ ಕಾರು ಈ ರೈತನ ತೋಟದ ಮುಂದೆ ನಿಲ್ಲುತ್ತದೆಯೆ? ನಿಲ್ಲುವುದಿಲ್ಲ. ನಿಲ್ಲಲು ಜಾಗವೂ ಇಲ್ಲ, ಹಿಂದಿನವನು ಹಾರನ್ ಹೊಡೆಯುತ್ತಾನೆ. ಬೆಟ್ಟದ ಗೇಟಿಗೆ ಒಂದಷ್ಟು, ವೈನ್ ಕಂಪನಿಗೆ ಒಂದಷ್ಟು, ಹೆದ್ದಾರಿ ಪಕ್ಕದ ದೊಡ್ಡ ಹೋಟೆಲಿಗೆ ಒಂದಷ್ಟು ದುಡ್ಡು ಕೊಟ್ಟು ಹೋಗುತ್ತಾನೆ. ನಮ್ಮ ಪಾಲಿಗೆ ನೀರಿನ ಬಾಟಲಿ, ಚಿಪ್ಸ್ ಪೊಟ್ಟಣ, ಬಿಯರ್ ಸೀಸೆಯ ಚೂರು. ಸುಟ್ಟ ಜೋಳ ಮಾರುವವರಿಗೆ, ಸೌತೆಕಾಯಿ ಸೀಳಿ ಖಾರ ಹಚ್ಚುವವರಿಗೆ ಅಷ್ಟಿಷ್ಟು ಗಿಟ್ಟುತ್ತದೆ, ಸುಳ್ಳು ಹೇಳಬಾರದು.

ಲೋಟವೂ ಸ್ಟೇರಿಂಗೂ

ಕಾನೂನಿನ ಮಾತಿಗೆ ಬರೋಣ. ಮೋಟಾರು ವಾಹನ ಕಾಯ್ದೆಯ 185ನೇ ಕಲಮು ಹೇಳುವುದು, ಚಾಲಕನ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯ ಇರಕೂಡದು. 2019ರ ತಿದ್ದುಪಡಿ ಆದಮೇಲೆ ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿವರೆಗೆ ದಂಡ, ಇಲ್ಲವೆ ಆರು ತಿಂಗಳವರೆಗೆ ಜೈಲು, ಇಲ್ಲವೆ ಎರಡೂ.

ವೈನ್ ತಾನೆ, ಜ್ಯೂಸಿನ ಹಾಗೆ, ಏನಾಗುತ್ತೆ ಅನ್ನುವವರು ಬಹಳ. ಲೆಕ್ಕ ಹಾಕಿ ನೋಡಿ. ವೈನಿನಲ್ಲಿ ನೂರಕ್ಕೆ ಹನ್ನೆರಡರಿಂದ ಹದಿನಾಲ್ಕು ಪಾಲು ಮದ್ಯ. ಐದು ಬಗೆಯನ್ನು ತಲಾ 30 ಮಿಲಿಯಷ್ಟು ರುಚಿ ನೋಡಿದರೆ 150 ಮಿಲಿ. ಅಂದರೆ ಸುಮಾರು 15 ಗ್ರಾಂ ಶುದ್ಧ ಮದ್ಯ ಹೊಟ್ಟೆಗೆ ಹೋದಂತೆ. 60 ಕಿಲೋ ತೂಕದ ಆಳಿಗೆ ಅಷ್ಟರಲ್ಲೇ ಕಾನೂನಿನ ಗೆರೆ ಹತ್ತಿರ ಬಂತು, ದಾಟಿದರೂ ದಾಟಿತು. ತೂಕ ಕಡಿಮೆ ಇದ್ದವರಿಗೆ ಇನ್ನೂ ಬೇಗ. ಇದು ಬರೀ ರುಚಿ ನೋಡಿದ ಲೆಕ್ಕ. ಊಟದ ಜೊತೆಗೆ ಇನ್ನೊಂದು ಲೋಟ, ಗೆಳೆಯರ ಬಲವಂತಕ್ಕೆ ಮತ್ತೊಂದು, ಅದು ಬೇರೆ. ವೈನ್ ರುಚಿ ನೋಡುವ ನಿಜವಾದ ಪಂಡಿತರು ಬಾಯಲ್ಲಿ ಆಡಿಸಿ ಉಗಿದುಬಿಡುತ್ತಾರಂತೆ. ದುಡ್ಡು ಕೊಟ್ಟು ಉಗಿಯುವ ಪಂಡಿತರು ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ಹಾಗಾದರೆ ವೈನ್ ಪ್ರವಾಸ ಎಂದರೆ ಏನಾಯಿತು? ಕಾರಿನಲ್ಲೇ ಬರಬೇಕಾದ ಜಾಗದಲ್ಲಿ, ಕಾರು ಓಡಿಸಬಾರದಂಥ ಸ್ಥಿತಿಗೆ ತಂದು, ಕಾರಿನಲ್ಲೇ ಕಳಿಸುವ ಏರ್ಪಾಡು. ಸಂಜೆ ಆರರ ಹೊತ್ತಿಗೆ ಆ ರಸ್ತೆಯಲ್ಲಿ ಯಾರಿರುತ್ತಾರೆ ಎಂಬುದನ್ನು ಯೋಚಿಸಿ. ಮೇಯಿಸಿಕೊಂಡು ಹಸು ಹೊಡೆದು ತರುವವರು, ಗಾರ್ಮೆಂಟ್ಸ್ ವ್ಯಾನಿನಿಂದ ಇಳಿದು ನಡೆಯುವ ಹೆಣ್ಣುಮಕ್ಕಳು, ದೀಪವಿಲ್ಲದ ಸೈಕಲ್ಲು. ಒಂದು ಕಾರಿಗೆ ಒಬ್ಬ ಕುಡಿಯದ ಡ್ರೈವರು ಇರುತ್ತಾನೆ ಎಂದು ಹೇಳುತ್ತಾರೆ. ಇದ್ದರೆ ಒಳ್ಳೆಯದು. ಇರಲೇಬೇಕು ಅನ್ನುವ ಕಟ್ಟಳೆ ಎಲ್ಲಿದೆ, ನೋಡುವವರು ಯಾರಿದ್ದಾರೆ?

ಬೆಟ್ಟ ಈಗಾಗಲೇ ಹೇಳಿಯಾಗಿದೆ

ನಂದಿ ಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1,478 ಮೀಟರ್. ಟಿಪ್ಪುವಿನ ಬೇಸಿಗೆ ಅರಮನೆ, ಮೇಲೆ ಯೋಗನಂದೀಶ್ವರ, ಕೆಳಗೆ ಭೋಗನಂದೀಶ್ವರ, ಇವೆಲ್ಲ ಶಾಲೆಯ ಮಕ್ಕಳಿಗೂ ಗೊತ್ತು. 1986ರಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ಸಮ್ಮೇಳನ ನಡೆದಾಗ ಏಳು ದೇಶಗಳ ಮುಖಂಡರು ಈ ಬೆಟ್ಟಕ್ಕೂ ಬಂದಿದ್ದರು. 2025ರ ಜುಲೈ 2ರಂದು ನಮ್ಮ ಸಚಿವ ಸಂಪುಟವೂ ಇಲ್ಲೇ ಸಭೆ ನಡೆಸಿತು. ದೊಡ್ಡವರು ಬಂದಾಗಲೆಲ್ಲ ರಸ್ತೆಗೆ ಹೊಸ ಡಾಂಬರು ಬೀಳುತ್ತದೆ ಎಂಬುದು ಬೆಟ್ಟಕ್ಕೆ ಆಗಿರುವ ಖಾಯಂ ಲಾಭ.

ಆದರೆ ಮೇಲೇರುವುದಕ್ಕೆ ವಾಹನದ ರಸ್ತೆ ಒಂದೇ. 2021ರ ಆಗಸ್ಟ್ 24ರ ರಾತ್ರಿ ಏನಾಯಿತೆಂದು ಜ್ಞಾಪಿಸಿಕೊಳ್ಳಿ. ಜೋರು ಮಳೆಗೆ ಬ್ರಹ್ಮಗಿರಿ ಕಡೆಯ ಇಳಿಜಾರು ಜಾರಿ, ಬಂಡೆ, ಮರ, ಮಣ್ಣು ಎಲ್ಲ ಒಟ್ಟಿಗೆ ಇಳಿದು, ರಸ್ತೆಯ ಒಂದು ತುಂಡನ್ನೇ ಕೊಚ್ಚಿಕೊಂಡು ಹೋಯಿತು. ಡಿಸೆಂಬರ್ ಮೊದಲನೇ ತಾರೀಕಿನವರೆಗೆ ಬೆಟ್ಟ ಬಂದ್. ಕೊರೊನಾದಿಂದ ಮೊದಲೇ ಒಣಗಿದ್ದ ಮೇಲಿನ ಗೂಡಂಗಡಿಗಳವರು, ಹಣ್ಣಿನವರು, ಆಟೋದವರು ಮತ್ತೆ ಮೂರು ತಿಂಗಳು ಕೈಕಟ್ಟಿ ಕೂತರು. ಒಂದು ರಾತ್ರಿಯ ಮಳೆಗೆ ಇಷ್ಟಾಯಿತು. ಮಳೆಗೆ ಕಾರಿನ ತಪ್ಪು ಅಂಟಿಸಲು ನಾವು ಹೋಗುವುದಿಲ್ಲ, ಗುಡ್ಡ ಜಾರುವುದಕ್ಕೆ ಹಲವು ಕಾರಣ ಇರುತ್ತವೆ. ಆದರೆ ಒಂದೇ ರಸ್ತೆಯನ್ನು ನಂಬಿದ ಬೆಟ್ಟಕ್ಕೆ ಅಗಲ ಮಾಡಿ, ಕಡಿಯಿರಿ, ಪಾರ್ಕಿಂಗ್ ಹೆಚ್ಚಿಸಿ ಎಂದು ಒತ್ತಾಯ ಮಾಡುವವರು ಆ ರಾತ್ರಿಯನ್ನು ನೆನೆದರೆ ಚೆನ್ನ. ಅಗಲ ಮಾಡಿದಷ್ಟೂ ಕಾರು ಬರುತ್ತವೆ. ಬಂದಷ್ಟೂ ಮತ್ತೆ ಅಗಲ ಸಾಲದು ಅನ್ನುತ್ತಾರೆ.

ಬೆಟ್ಟ ಮತ್ತೆ ತೆರೆದಾಗ ವಾಹನಕ್ಕೆ ಮಿತಿ ಹಾಕಿ, ಒಂದು ಪಾಲನ್ನು ಮೊದಲೇ ಆನ್‌ಲೈನ್‌ನಲ್ಲಿ ಕಾಯ್ದಿರಿಸುವ ಏರ್ಪಾಡು ಮಾಡಿದ್ದರು. ಆಲೋಚನೆ ಸರಿಯಾಗಿಯೇ ಇತ್ತು. ಆದರೆ ಕಾರು ಬೇಡ ಅಂದಮೇಲೆ ಜನ ಹೇಗೆ ಬರಬೇಕು ಎಂಬುದಕ್ಕೆ ಉತ್ತರ ಕೊಡಲಿಲ್ಲ. ಬಾಗಿಲು ಮುಚ್ಚಿದರು, ಕಿಟಕಿ ತೆಗೆಯಲಿಲ್ಲ.

2023ರ ಮಾರ್ಚ್‌ನಲ್ಲಿ ರೋಪ್‌ವೇಗೆ ಶಂಕುಸ್ಥಾಪನೆ ಆಯಿತು. ಸುಮಾರು ಮೂರು ಕಿಲೋಮೀಟರ್ ಹಗ್ಗದ ದಾರಿ. ಅದರ ಬಗ್ಗೆ ಪರವೂ ಇದೆ, ವಿರೋಧವೂ ಇದೆ. ಒಂದು ಮಾತು ಮಾತ್ರ ಖಂಡಿತ. ರೋಪ್‌ವೇ ಜನರನ್ನು ತಪ್ಪಲಿನಿಂದ ತುದಿಗೆ ಸಾಗಿಸುತ್ತದೆ, ಬೆಂಗಳೂರಿನಿಂದ ತಪ್ಪಲಿಗಲ್ಲ. ತಪ್ಪಲಿನ ತನಕ ಎಲ್ಲರೂ ಕಾರಿನಲ್ಲೇ ಬಂದರೆ, ಮೇಲೆ ನಿಲ್ಲುತ್ತಿದ್ದ ಕಾರು ಕೆಳಗೆ ನಮ್ಮ ಊರೊಳಗೆ ನಿಲ್ಲುತ್ತದೆ, ಅಷ್ಟೇ ವ್ಯತ್ಯಾಸ.

ಬೇರೆಯವರು ಏನು ಮಾಡಿದರು

ನೆರೆಯ ನೀಲಗಿರಿ ನೋಡಿ. ಊಟಿಗೆ ಹೋಗುವ ವಾಹನಗಳಿಗೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ ಬಂತು. 2025ರ ಏಪ್ರಿಲ್‌ನಿಂದ ದಿನಕ್ಕೆ 6,000, ಶನಿವಾರ ಭಾನುವಾರ 8,000 ವಾಹನ ಎಂದು ಗೆರೆ ಹಾಕಿದರು. ಅದರಲ್ಲಿ ನಾವು ಗಮನಿಸಬೇಕಾದ ಸಂಗತಿ, ಸರ್ಕಾರಿ ಬಸ್ಸಿನಲ್ಲಿ ಬರುವವನಿಗೆ ಪಾಸೂ ಬೇಡ, ಮಿತಿಯೂ ಇಲ್ಲ. ಕಾರಿಗೆ ಲೆಕ್ಕ, ಬಸ್ಸಿಗೆ ಸ್ವಾಗತ. ನಮ್ಮದೇ ರಾಜ್ಯದ ಮುಳ್ಳಯ್ಯನಗಿರಿಯಲ್ಲೂ 2025ರ ಸೆಪ್ಟೆಂಬರ್‌ನಿಂದ ಮೊದಲೇ ಕಾಯ್ದಿರಿಸಿದ ವಾಹನಕ್ಕಷ್ಟೇ ದಾರಿ, ಬೆಳಿಗ್ಗೆ ಇಷ್ಟು, ಮಧ್ಯಾಹ್ನ ಇಷ್ಟು ಅಂತ.

ವೈನ್ ವಿಚಾರಕ್ಕೆ ಬಂದರೆ ದೂರದ ಒಂದು ಊರಿನ ಉದಾಹರಣೆ ಕೊಡಬೇಕು. ದಕ್ಷಿಣ ಆಫ್ರಿಕಾದಲ್ಲಿ ಫ್ರಾನ್ಸ್‌ಹುಕ್ ಎಂದು ಬೆಟ್ಟಗಳ ನಡುವಿನ ಒಂದು ಕಣಿವೆ. 1688ರ ಸುಮಾರಿಗೆ ಧರ್ಮದ ಕಾಟಕ್ಕೆ ಫ್ರಾನ್ಸ್ ಬಿಟ್ಟು ಓಡಿಬಂದವರು ನೆಟ್ಟ ದ್ರಾಕ್ಷಿಯ ಊರು. ಅಲ್ಲಿ 2012ರಲ್ಲಿ ಹಳೆಯ ರೈಲು ಹಳಿಯ ಮೇಲೆ ವೈನ್ ಟ್ರಾಮ್ ಬಿಟ್ಟರು. ಹಳಿ ಇಲ್ಲದ ಕಡೆಗೆ ಟ್ರಾಮಿನ ರೂಪದ ಬಸ್ಸು. ಬೆಳಿಗ್ಗೆ ಒಂದು ಟಿಕೆಟ್ ತೆಗೆದರೆ ಬೇಕಾದ ತೋಟದಲ್ಲಿ ಇಳಿ, ರುಚಿ ನೋಡು, ಮುಂದಿನ ಗಾಡಿ ಹತ್ತು, ಇನ್ನೊಂದು ತೋಟದಲ್ಲಿ ಇಳಿ. ಕುಡಿದವನ ಕೈಗೆ ಸ್ಟೇರಿಂಗ್ ಬರುವುದೇ ಇಲ್ಲ. ದೊಡ್ಡ ತೋಟಕ್ಕೂ ಗಿರಾಕಿ, ಸಣ್ಣ ತೋಟಕ್ಕೂ ಗಿರಾಕಿ. ಯಾಕೆಂದರೆ ಗಾಡಿ ನಿಲ್ಲುತ್ತದೆ, ಜನ ಇಳಿಯುತ್ತಾರೆ, ಮುಂದಿನ ಗಾಡಿ ಬರುವ ತನಕ ಹೊತ್ತು ಕಳೆಯಬೇಕಲ್ಲ.

ನಮಗೆ ಬೇಕಾದದ್ದು ಈ ಕೊನೆಯ ಮಾತು. ಕಾರಿನಲ್ಲಿ ಬಂದವನು ದಾಟಿ ಹೋಗುತ್ತಾನೆ. ಬಸ್ಸಿನಲ್ಲಿ ಬಂದವನು ಇಳಿಯುತ್ತಾನೆ, ಕಾಯುತ್ತಾನೆ, ಹಸಿಯುತ್ತಾನೆ, ಕೊಳ್ಳುತ್ತಾನೆ. ಬಸ್ ನಿಲ್ದಾಣದ ಎದುರು ಅಂಗಡಿ ಬಾಡಿಗೆ ಯಾಕೆ ಜಾಸ್ತಿ, ಬೈಪಾಸ್ ಪಕ್ಕದಲ್ಲಿ ಯಾಕೆ ಕಡಿಮೆ ಎಂದು ವ್ಯಾಪಾರಸ್ಥರಿಗೆ ನಾವು ಹೇಳಿಕೊಡಬೇಕಾಗಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಹೆಣ್ಣುಮಕ್ಕಳು ಬಸ್ಸು ಹತ್ತಿ ಹೊರಟ ದೇವಸ್ಥಾನದ ಊರುಗಳಲ್ಲಿ ಹೂವಿನವರಿಗೂ ತಿಂಡಿಯವರಿಗೂ ಏನಾಯಿತು ಎಂಬುದೂ ಕಣ್ಣಮುಂದಿದೆ.

ಒಂದು ಬಸ್ಸಿನಲ್ಲಿ ಐವತ್ತು ಜನ. ಅದೇ ಐವತ್ತು ಜನ ಕಾರಿನಲ್ಲಿ ಬಂದರೆ ಹನ್ನೆರಡು ಹದಿಮೂರು ಕಾರು, ಬೈಕಿನಲ್ಲಾದರೆ ಇಪ್ಪತ್ತೈದು ಬೈಕು. ಇದನ್ನು ಕೂಡಿ ಕಳೆಯಲು ಯಾವ ತಜ್ಞರ ಸಮಿತಿಯೂ ಬೇಡ.

ಹಳಿ ಇದೆ, ಗಾಡಿ ಇದೆ, ನಡುವಿನ ದಾರಿ ಇಲ್ಲ

ಹಳಿಯ ಮಾತು ಬಂದಿತಲ್ಲ, ನಮಗೂ ಇದೆ. ಬೆಂಗಳೂರಿನಿಂದ ಯಲಹಂಕ, ದೇವನಹಳ್ಳಿ ಮೇಲೆ ಚಿಕ್ಕಬಳ್ಳಾಪುರಕ್ಕೆ ಬರುವ ರೈಲು ದಾರಿಗೆ ನೂರು ವರ್ಷ ದಾಟಿದೆ. ಒಂದು ಕಾಲದ ಸಣ್ಣ ಹಳಿ ಈಗ ದೊಡ್ಡದಾಗಿದೆ. 2022ರಲ್ಲಿ ವಿದ್ಯುತ್ ತಂತಿಯೂ ಬಂತು, ಅದೇ ವರ್ಷದ ಡಿಸೆಂಬರ್‌ನಲ್ಲಿ ಮೆಮು ರೈಲು ಓಡಿತು. ನಡುವೆ ನಂದಿ ಹಾಲ್ಟ್ ಎಂಬ ಹಳೆಯ ಕಾಲದ ಮುದ್ದಾದ ನಿಲ್ದಾಣ. ಇಳಿದರೆ ಭೋಗನಂದೀಶ್ವರನ ಗುಡಿ ಹತ್ತಿರ, ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿಯೂ ದೂರವಲ್ಲ. ಇಳಿದ ಮೇಲೆ ಮುಂದೆ? ಆಟೋ ಸಿಕ್ಕರೆ ಪುಣ್ಯ, ಅವನು ಕೇಳಿದ್ದೇ ರೇಟು. ಅಷ್ಟು ಖರ್ಚು ಮಾಡಿ ತಂತಿ ಎಳೆದವರಿಗೆ ರೈಲು ಬರುವ ಹೊತ್ತಿಗೆ ಒಂದು ಮಿನಿ ಬಸ್ಸು ತಂದು ನಿಲ್ಲಿಸುವುದು ದೊಡ್ಡ ಮಾತೇ? ರೈಲ್ವೆಯವರು ಕೇಂದ್ರದವರು, ಬಸ್ಸಿನವರು ರಾಜ್ಯದವರು, ಬೆಟ್ಟ ಇನ್ನೊಂದು ಇಲಾಖೆಯದು. ಒಬ್ಬರ ಮನೆಯ ಗಡಿಯಾರ ಇನ್ನೊಬ್ಬರ ಮನೆಗೆ ಕಾಣಿಸುವುದಿಲ್ಲ.

ಸೂರ್ಯೋದಯ ಹಿಡಿಯುವವರಿಗೆ ರೈಲು ಆಗಿಬರಲಿಕ್ಕಿಲ್ಲ, ಒಪ್ಪೋಣ. ಅವರಿಗೆ ಬೆಂಗಳೂರಿನಿಂದ ಬೆಳಗಿನ ಜಾವದ ನೇರ ಬಸ್ಸು ಬೇಕು. ಈಗ ಬೆಟ್ಟದ ತನಕ ಹೋಗುವ ಬಸ್ಸು ಬೆರಳೆಣಿಕೆ. ಆದರೆ ದ್ರಾಕ್ಷಿ ತೋಟ ನೋಡುವವನಿಗೆ ಬೆಳಗಿನ ಜಾವದ ಹಂಗಿಲ್ಲ. ಇನ್ನೊಂದು ಅನುಕೂಲವೂ ಇದೆ. ಬೆಟ್ಟಕ್ಕೆ ಜನ ಮುಗಿಬೀಳುವುದು ಮೋಡ ಮಂಜಿನ ತಿಂಗಳಲ್ಲಿ, ಮಳೆಗಾಲದಿಂದ ಚಳಿಗಾಲದವರೆಗೆ. ವೈನ್ ದ್ರಾಕ್ಷಿ ಹಣ್ಣಾಗಿ ಕೊಯ್ಲಿಗೆ ಬರುವುದು ಫೆಬ್ರವರಿ, ಮಾರ್ಚ್. ಆಗ ಮಂಜಿಲ್ಲ, ಬೆಟ್ಟದಲ್ಲಿ ಜನವೂ ಕಡಿಮೆ, ಅಂಗಡಿಗಳು ನೊಣ ಹೊಡೆಯುತ್ತಿರುತ್ತವೆ. ತೋಟ ತೋರಿಸುವವರು ಆ ತಿಂಗಳಿಗೆ ಜನರನ್ನು ಕರೆದರೆ ಒಂದೇ ಕಾಲದ ನೂಕುನುಗ್ಗಲು ಎರಡು ಕಾಲಕ್ಕೆ ಹಂಚಿಹೋಗುತ್ತದೆ. ಅದೂ ವಾರದ ನಡುವೆ ಕರೆದರೆ ಇನ್ನೂ ಚೆನ್ನ.

ಗಾಂಧಿಯ ಬೆಟ್ಟದಲ್ಲಿ ವೈನ್ ಯಾಕೆ

ಹಿರಿಯರು ಕೆಲವರು ಕೇಳುವ ಪ್ರಶ್ನೆ ಇದು, ಸುಮ್ಮನೆ ತಳ್ಳಿಹಾಕುವಂಥದಲ್ಲ. 1927ರಲ್ಲಿ ಆರೋಗ್ಯ ಕೆಟ್ಟಾಗ ಗಾಂಧೀಜಿ ಬಂದು ಸುಧಾರಿಸಿಕೊಂಡದ್ದು ಇದೇ ಬೆಟ್ಟದಲ್ಲಿ. 1936ರಲ್ಲಿ ಮತ್ತೆ ಬಂದರು. ಪಾನ ನಿರೋಧಕ್ಕೆ ಜೀವ ಸವೆಸಿದವರು ಉಳಿದ ಜಾಗದ ಬುಡದಲ್ಲಿ ಕುಡಿಯುವ ಜಾತ್ರೆಯೇ ಎಂದು ಅವರ ಮಾತು. ಈ ಪತ್ರಿಕೆ ಯಾರಿಗೂ ಕುಡಿಯಿರಿ ಎಂದು ಹೇಳುವುದಿಲ್ಲ. ಹಳ್ಳಿ ಹಳ್ಳಿಯ ಪೆಟ್ಟಿಗೆ ಅಂಗಡಿಯಲ್ಲಿ ಕದ್ದು ಮಾರುವ ಪೊಟ್ಟಣದ ಮದ್ಯದ ವಿರುದ್ಧ ಹೆಣ್ಣುಮಕ್ಕಳು ಬೀದಿಗೆ ಇಳಿದಾಗ ಅವರ ಕಡೆಗೇ ನಮ್ಮ ಮನಸ್ಸು. ಆದರೆ ದಾಖಲೆ ಇಟ್ಟು, ತೆರಿಗೆ ಕಟ್ಟಿ, ಹಗಲು ಹೊತ್ತು ನಡೆಯುವ ತೋಟವನ್ನು ಮಾತ್ರ ಬೊಟ್ಟು ಮಾಡಿ, ಸಂಜೆ ಹೊತ್ತು ‘ವೈನ್ಸ್’ ಅಂಗಡಿ ಮುಂದಿನ ಗುಂಪನ್ನು ಕಂಡರೂ ಕಾಣದಂತೆ ಇರುವುದು ನ್ಯಾಯವಲ್ಲ. ದ್ರಾಕ್ಷಿ ಚಪ್ಪರ ಉಳಿದರೆ ಆ ಭೂಮಿ ಹಸಿರಾಗಿಯಾದರೂ ಇರುತ್ತದೆ. ಚಪ್ಪರ ಹೋದ ಜಾಗದಲ್ಲಿ ಬರುವುದು ಆಶ್ರಮವಲ್ಲ ಸ್ವಾಮಿ, ಕಾಂಪೌಂಡು.

ನೀರಿನ ವಿಚಾರ ಒಂದಿದೆ. ಪಿನಾಕಿನಿಗಳು, ಪಾಲಾರ್, ಅರ್ಕಾವತಿ, ಚಿತ್ರಾವತಿ, ಪಾಪಾಗ್ನಿ ಎಂದು ನಾವು ಹೆಮ್ಮೆಯಿಂದ ಎಣಿಸುವ ನದಿಗಳೆಲ್ಲ ಈ ಬೆಟ್ಟಸಾಲಿನಲ್ಲೇ ಹುಟ್ಟುತ್ತವೆ. ಹುಟ್ಟುವುದಷ್ಟೇ, ಹರಿಯುವುದು ಕಾಣೆವು. ನಮ್ಮ ಕೆರೆ ತುಂಬಲು ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಬರಬೇಕಾಗಿದೆ. ಇಂಥ ಸೀಮೆಯಲ್ಲಿ ಹನಿ ನೀರಾವರಿಯ ದ್ರಾಕ್ಷಿ ಬಳ್ಳಿ ಅಂಥ ಕಳ್ಳನಲ್ಲ. ಈಜುಕೊಳದ ರೆಸಾರ್ಟುಗಳ ಮೀಟರ್ ಯಾರಾದರೂ ಓದಲಿ. ಅದನ್ನೇ ಇನ್ನೊಂದು ದಿನ ಬರೆಯೋಣ.

ಈಗ ಆಗಬೇಕಾದದ್ದು

ಜಿಲ್ಲಾಡಳಿತ, ಸಾರಿಗೆ ಸಂಸ್ಥೆ, ತೋಟಗಾರಿಕೆ, ಪ್ರವಾಸೋದ್ಯಮ, ರೈಲ್ವೆ, ಎಲ್ಲರೂ ಒಂದು ಮಧ್ಯಾಹ್ನ ಒಂದೇ ಕೋಣೆಯಲ್ಲಿ ಕೂತರೆ ಆಗುವ ಕೆಲಸ ಇದು. ಶನಿವಾರ, ಭಾನುವಾರ ಮತ್ತು ರಜಾ ದಿನ ಬೆಟ್ಟದ ಮೇಲಕ್ಕೆ ಖಾಸಗಿ ವಾಹನ ಬೇಡ. ಮುದುಕರು, ಅಂಗವಿಕಲರು, ಮೇಲೆ ಕೆಲಸ ಮಾಡುವವರು, ಸರಕು ಒಯ್ಯುವವರು ಹೊರತು. ತಪ್ಪಲಿನಿಂದ ಸಣ್ಣ ಬಸ್ಸು, ಕಾಲು ಗಂಟೆಗೊಂದು. ನಡೆಯುವ ಶಕ್ತಿ ಇದ್ದವರಿಗೆ ಸುಲ್ತಾನ್‌ಪೇಟೆ ಕಡೆಯ ಮೆಟ್ಟಿಲ ದಾರಿ ಇದ್ದೇ ಇದೆ, ಅದಕ್ಕೆ ಕೈಕಂಬಿಯನ್ನೂ ಕುಡಿಯುವ ನೀರನ್ನೂ ಕೊಡಿ.

ಎರಡನೆಯದು ಸುತ್ತು ಬಸ್ಸು. ಚಿಕ್ಕಬಳ್ಳಾಪುರ ನಿಲ್ದಾಣ, ನಂದಿ ಹಾಲ್ಟ್, ಭೋಗನಂದೀಶ್ವರ, ಬೆಟ್ಟದ ಕ್ರಾಸ್, ವೈನ್ ತೋಟ, ದೊಡ್ಡಬಳ್ಳಾಪುರ, ಮತ್ತೆ ವಾಪಸ್ಸು. ದಿನದ ಟಿಕೆಟ್ ಒಂದು, ಎಲ್ಲಿ ಬೇಕಾದರೂ ಹತ್ತಿ ಇಳಿ. ವೈನ್ ಕಂಪನಿಗಳು ಈ ಬಸ್ಸಿನ ಖರ್ಚಿನಲ್ಲಿ ಒಂದು ಪಾಲು ಹೊರಲಿ, ಲಾಭ ಅವರಿಗೂ ಇದೆ. ಕಾರಿನಲ್ಲಿ ಬಂದವರಲ್ಲಿ ಓಡಿಸುವವನು ಯಾರೆಂದು ಬಾಗಿಲಲ್ಲೇ ಕೇಳಿ, ಅವನ ಕೈಗೆ ಒಂದು ಪಟ್ಟಿ ಕಟ್ಟಿ ದ್ರಾಕ್ಷಿ ರಸ ಮಾತ್ರ ಕೊಡಲಿ. ಬಸ್ ಟಿಕೆಟ್ ತೋರಿಸಿದವರಿಗೆ ರುಚಿ ನೋಡುವ ದರದಲ್ಲಿ ರಿಯಾಯಿತಿ ಕೊಡಲಿ.

ಬಸ್ಸು ನಿಲ್ಲುವ ಒಂದೊಂದು ಕಡೆಯೂ ಬೆಂಗಳೂರು ಬ್ಲೂ ಬೆಳೆಗಾರರಿಗೆ ಒಂದು ಚಪ್ಪರ ಅಂಗಡಿ ಕೊಡಬೇಕು. ಹಣ್ಣು, ತಾಜಾ ರಸ, ಜಾಮು, ಒಣದ್ರಾಕ್ಷಿ, ಜೊತೆಗೆ ಸೀಬೆ, ಗುಲಾಬಿ, ಕಡಲೆಕಾಯಿ. ಬೇಕಿದ್ದವರಿಗೆ ತೋಟದೊಳಗೆ ಕರೆದುಕೊಂಡು ಹೋಗಿ ಒಂದು ಬುಟ್ಟಿ ತಾವೇ ಕಿತ್ತುಕೊಳ್ಳಲು ಬಿಡಲಿ, ಅದಕ್ಕೆ ಇಷ್ಟು ಅಂತ ದುಡ್ಡು. ದಲ್ಲಾಳಿ ಕೊಡುವ ದರಕ್ಕೂ ಆ ದರಕ್ಕೂ ಎಷ್ಟು ಅಂತರ ಎಂದು ಮೊದಲ ಭಾನುವಾರವೇ ರೈತನಿಗೆ ತಿಳಿಯುತ್ತದೆ. 2007ರ ನೀತಿ ಕಾಗದದ ಮೇಲೆ ರೈತನ ಹೆಸರಿನಲ್ಲೇ ಬಂದದ್ದು ತಾನೆ? ರೈತನಿಗೆ ಒಂದು ಬಸ್ ನಿಲುಗಡೆಯಾದರೂ ಸಿಗಲಿ.

ನಮ್ಮ ನಿತ್ಯದ ಪ್ರಯಾಣಿಕರ ಪರವಾಗಿ ಒಂದು ಷರತ್ತು. ಪ್ರವಾಸಿಗರಿಗೆ ಬಸ್ಸು ಬೇಕೆಂದು ಹಳ್ಳಿಯ ರೂಟಿನ ಬಸ್ಸನ್ನು ಕಿತ್ತು ಅಲ್ಲಿಗೆ ಹಾಕುವ ಹಳೆಯ ಚಾಳಿ ಬೇಡ. ಜಾತ್ರೆ ಬಂದರೆ, ಸಮಾವೇಶ ಬಂದರೆ ಮೊದಲು ಕಾಣೆಯಾಗುವುದು ನಮ್ಮ ಬೆಳಗಿನ ಟ್ರಿಪ್ಪು. ಹೊಸ ಬಸ್ಸು ಹೊಸದಾಗಿಯೇ ಬರಬೇಕು. ಬಂದ ಬಸ್ಸು ಪ್ರವಾಸಿಗರಿಲ್ಲದ ಮಂಗಳವಾರ ಬುಧವಾರ ಕಾಲೇಜಿನ ಮಕ್ಕಳಿಗೆ, ಗಾರ್ಮೆಂಟ್ಸಿಗೆ ಹೋಗುವವರಿಗೆ ಓಡಬೇಕು.

ಶಿವರಾತ್ರಿಗೆ ನಂದಿಯಲ್ಲಿ ಜಾತ್ರೆ, ದನಗಳ ಪರಿಷೆ. ಅದೇ ಹೊತ್ತಿಗೆ ವೈನ್ ತೋಟಗಳಲ್ಲಿ ಕೊಯ್ಲು. ಜಾತ್ರೆಗೆ ಹೇಗಿದ್ದರೂ ಹೆಚ್ಚುವರಿ ಬಸ್ಸು ಬಿಡಲೇಬೇಕು. ಅದರಲ್ಲಿ ನಾಲ್ಕನ್ನು ಜಾತ್ರೆ ಮುಗಿದಮೇಲೆ ಡಿಪೋಗೆ ಕರೆಸಿಕೊಳ್ಳದೆ ಎಂಟು ವಾರ ಈ ಸುತ್ತು ರೂಟಿನಲ್ಲಿ ಓಡಿಸಿ ನೋಡಲಿ. ಎಷ್ಟು ಟಿಕೆಟ್ ಹರಿಯಿತು ಎಂದು ಕಂಡಕ್ಟರನ ಮೆಷಿನ್ನೇ ಲೆಕ್ಕ ಕೊಡುತ್ತದೆ. ಆ ಲೆಕ್ಕವನ್ನು ಈ ಅಂಕಣದಲ್ಲಿ ಅಚ್ಚು ಹಾಕಲು ನಾವು ಜಾಗ ಬಿಟ್ಟಿರುತ್ತೇವೆ.